ಪೂಜೆಯಾದ ಮಾಲು ತಿರುಗಿ ಹೋಗುವುದಿಲ್ಲ

ಖರೀದಿ ಮತ್ತು ಸರಬರಾಜಿನ ಪರೀಕ್ಷೆಗೆ ನಾನು ಓದಿದ್ದು ಒಂದೇ ಪುಸ್ತಕ. ಅದೂ ನನ್ನದಲ್ಲ, ನಮ್ಮ ಹೆಡ್ ಕ್ಲಾರ್ಕರದು. ಮುಂಬಯಿಯಿಂದ ತರಿಸಿದ ಇಂಗ್ಲಿಷ್ ಪುಸ್ತಕ. ಅದಕ್ಕೆ ಖಾಕಿ ಕಾಗದದ ಹೊದಿಕೆ ಹಾಕಿ, ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಿದ್ದರು. ಸಂಜೆ ಗಿರಣಿಯ ಭೋಂಗಾ ಕೂಗಿ ಪಾಳಿ ಮುಗಿದ ಮೇಲೆ ಸ್ಟೋರಿನಲ್ಲೇ ಪಾಠ ನಡೆಯುತ್ತಿತ್ತು. ಪರೀಕ್ಷೆಗೆ ಕೂಡುವ ಗಂಡಸರು ಮೇಜಿನ ಸುತ್ತ, ನಾನು ಬಾಗಿಲ ಹತ್ತಿರ ಸ್ಟೂಲಿನ ಮೇಲೆ. ಒಂದು ರಾತ್ರಿ ಪುಸ್ತಕ ಮನೆಗೆ ಕೊಡಿರೆಂದು ಕೇಳಿದಾಗ ಅವರು ಎಲ್ಲರ ಮುಂದೆ ಹೇಳಿದರು:

"ಕಿವಿ ಅದಾವಲ್ಲವಾ, ಕೇಳಿಸ್ಕೋ. ಪುಸ್ತಕಾ ಮನಿಗೆ ಒಯ್ದು ಒಲಿ ಮುಂದ ಇಟ್ಟಿ ಅಂದ್ರ ನಾಳೆ ನಾವು ಏನು ಓದೋಣು?"

ಗಂಡಸರು ನಕ್ಕರು. ನಗಲಿ, ನಕ್ಕವರಲ್ಲಿ ಇಬ್ಬರು ಆಮೇಲೆ ನನ್ನ ಟಿಪ್ಪಣಿ ನೋಡಿಯೇ ಪಾಸಾದರು. ನಾನು ಕೇಳಿದ್ದನ್ನೆಲ್ಲ ಹಳೆಯ ಇಂಡೆಂಟು ಕಾಗದಗಳ ಬೆನ್ನಿಗೆ ಕನ್ನಡದಲ್ಲಿ ಗೀಚಿಕೊಂಡು, ಹುಬ್ಬಳ್ಳಿಯ ಕಮರಿಪೇಟೆಯಲ್ಲಿದ್ದ ನಮ್ಮ ಮನೆಗೆ ಹೋಗಿ, ರೊಟ್ಟಿ ಬಡಿಯುತ್ತ ಬಾಯಿಪಾಠ ಮಾಡುತ್ತಿದ್ದೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಗಂಡ ಅದೇ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು, ಕೆಲಸದ ಮೇಲೆಯೇ ಹೋದರು. ನಾನು ಮ್ಯಾಟ್ರಿಕ್ ಆಗಿದ್ದರಿಂದ ಮಾಲಕರು ಸ್ಟೋರಿನಲ್ಲಿ ಹಂಗಾಮಿ ಕಾರಕೂನಳಾಗಿ ತೆಗೆದುಕೊಂಡರು. ಒಂದೇ ಕರಾರು: ಎರಡು ಸಲದೊಳಗೆ ಈ ಪರೀಕ್ಷೆ ಪಾಸಾಗಬೇಕು. ಆಗದಿದ್ದರೆ ಆ ಜಾಗ ನನ್ನ ಮೈದುನನಿಗೆ. ಹಾಗೆಂದು ನಮ್ಮ ಮಾವನವರೇ ಅರ್ಜಿ ಬರೆದುಕೊಟ್ಟಿದ್ದರು. ಮೈದುನ ಆಫೀಸಿಗೆ ಹೋಗಲಿಕ್ಕೆಂದು ಎರಡು ಪ್ಯಾಂಟು ಹೊಲಿಸಿ ಇಟ್ಟುಕೊಂಡಿದ್ದ. ಮನೆಯಲ್ಲಿ ಅವು ದಾರದ ಮೇಲೆ ತೂಗುತ್ತಿದ್ದವು, ನಾನು ದಿನಾ ಅವುಗಳ ಕೆಳಗೆ ಬಗ್ಗಿ ನೀರಿಗೆ ಹೋಗುತ್ತಿದ್ದೆ.

"ಹೆಂಗಸಿಗೆ ಯಾಕ ಬೇಕವಾ ಪರೀಕ್ಷಾ? ನೀ ಮನ್ಯಾಗ ಇರು. ಎರಡು ಹೊತ್ತು ಕೂಳು ಹಾಕೂದಿಲ್ಲೇನು ನಾವು?" ಎಂದು ಮಾವ ಹೇಳುತ್ತಿದ್ದರು.

ಹಾಕುತ್ತಿದ್ದರು, ಖರೇ. ಆದರೆ ಆ ಕೂಳಿನ ಜೊತೆ ಏನೇನು ಹಾಕುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ನನ್ನ ಮಗಳು ಆಗ ಸಾಲಿಗೆ ಹೋಗುತ್ತಿದ್ದಳು. ನನ್ನ ಕೆಲಸ ಹೋದ ದಿನ ಅವಳ ಸಾಲಿಯೂ ಹೋಗುವುದು ನಿಶ್ಚಯವಿತ್ತು. ಸಾಲಿ ಬಿಡಿಸುವ ಮಾತು ಆಗಲೇ ಒಮ್ಮೆ ಬಂದು ಹೋಗಿತ್ತು.

ಪಾಠದ ಮೊದಲ ಭಾಗ ನನಗೆ ಕಷ್ಟವಾಗಲಿಲ್ಲ. ಯಾವ ಮಾಲು ಎಷ್ಟು ಉಳಿದಾಗ ಮತ್ತೆ ತರಿಸಬೇಕು, ತರಿಸಿದ್ದು ಬರಲಿಕ್ಕೆ ಎಷ್ಟು ದಿನ ಹಿಡಿಯುತ್ತದೆ, ಆ ದಿನಗಳಲ್ಲಿ ಎಷ್ಟು ಖರ್ಚಾಗುತ್ತದೆ, ಮೇಲೆ ಆಪತ್ತಿಗೆಂದು ಎಷ್ಟು ಇರಬೇಕು. ಇದನ್ನು ಪುಸ್ತಕ ದೊಡ್ಡ ಸೂತ್ರ ಮಾಡಿ ಬರೆದಿತ್ತು. ಜೋಳದ ಡಬ್ಬಿಯ ತಳ ಕಾಣುವ ಮೊದಲೇ ಸಂತೆಯ ದಿನ ಎಣಿಸುವ ಯಾವ ಹೆಂಗಸಿಗೂ ಅದು ಗೊತ್ತಿರುವ ಮಾತೇ. ನಾನು ಲೆಕ್ಕ ಲಗೂ ಮುಗಿಸಿದ್ದನ್ನು ಕಂಡು ಹೆಡ್ ಕ್ಲಾರ್ಕ್ ಕಾಗದ ತಿರುಗಿಸಿ ತಿರುಗಿಸಿ ನೋಡಿದರು, ತಪ್ಪು ಸಿಗಲಿಲ್ಲ. "ಹ್ಞೂಂ, ಅಕ್ಷರ ಛಲೋ ಇಲ್ಲ" ಎಂದರು.

ಅವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಕೆಟ್ಟ ಮನುಷ್ಯರೇನಲ್ಲ, ಆದರೆ ಮಾತು ಸುಣ್ಣದ ನೀರು. ಬಿದ್ದಲ್ಲಿ ಸುಡುತ್ತಿತ್ತು, ಬಿದ್ದದ್ದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ತಪಾಸಣೆಯ ಅಧ್ಯಾಯ ಬಂದ ದಿನ ಅವರು ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿ ಶುರು ಮಾಡಿದರು:

"ಮಾಲು ಗೇಟಿನ್ಯಾಗ ಬಂತು ಅಂದ್ರ ಅದು ಇನ್ನೂ ನಮ್ಮದಲ್ಲ. ಬೇರೆ ಕಟ್ಟಿ ಮ್ಯಾಲ ಇಡಬೇಕು, ಕೆಂಪು ಚೀಟಿ ಕಟ್ಟಬೇಕು, ತಪಾಸಣಿ ಆಗಬೇಕು. ಛಲೋ ಇದ್ರ ಒಳಗ, ಇಲ್ಲಾಂದ್ರ ತಿರುಗಿ ಕಳಸಬೇಕು. ತಪಾಸಣಿ ಇಲ್ಲದ ಕೊಟ್ರ ಏನಾಗತೈತಿ? ಉದಾಹರಣಾಕ್ಕ ಹಗ್ಗಾ ತಗೋರಿ. ನಮ್ಮಲ್ಲೇ ಆತಲ್ಲ, ಹರೀತು, ಮೋಟರ್ ಬಿತ್ತು, ಮನುಷ್ಯಾ ಹ್ವಾದ. ಬರಕೋರಿ."

ಎಲ್ಲರೂ ಬರೆದುಕೊಂಡರು. ನಾನೂ ಬರೆದುಕೊಂಡೆ. ನನ್ನ ಗಂಡನ ಸಾವನ್ನು ಉದಾಹರಣೆ ಎಂಬ ತಲೆಬರಹದ ಕೆಳಗೆ ನನ್ನ ಕೈಯಿಂದಲೇ ಬರೆದೆ. ಒಬ್ಬನೂ ಬಾಗಿಲ ಕಡೆ ತಿರುಗಿ ನೋಡಲಿಲ್ಲ.

ಆ ಹಗ್ಗದ ಕಥೆ ಗಿರಣಿಯಲ್ಲಿ ಗುಟ್ಟೇನೂ ಆಗಿರಲಿಲ್ಲ. ತಪಾಸಣೆ ಆಗದ ಮಾಲಿಗೆಂದು ಸ್ಟೋರಿನ ಪೂರ್ವದ ಗೋಡೆಗೆ ಹತ್ತಿ ಒಂದು ಕಲ್ಲಿನ ಕಟ್ಟೆ ಇತ್ತು. ಬಾಕಿ ಕಟ್ಟೆ ಎಂದು ಅದರ ಹೆಸರು. ದಸರೆಯ ನವಮಿಗೆ ಖಂಡೇಪೂಜೆ, ಅಂದರೆ ಆಯುಧಪೂಜೆ, ಆಗುವುದು ಆ ಕಟ್ಟೆಯ ಮೇಲೆಯೇ, ಏಕೆಂದರೆ ಸ್ಟೋರಿನಲ್ಲಿ ಪೂರ್ವಕ್ಕೆ ಇದ್ದ ಜಾಗ ಅದೊಂದೇ. ಹಿಂದಿನ ದಿನ ಹಮಾಲರು ಸ್ಟೋರನ್ನೆಲ್ಲ ತೊಳೆದು, ಹೊಸ ಮಾಲನ್ನು ಎದ್ದು ಕಾಣುವಂತೆ ಕಟ್ಟೆಯ ಮೇಲೆ ಜೋಡಿಸುತ್ತಿದ್ದರು. ಕೆಂಪು ಚೀಟಿ ಕಾಣಬಾರದೆಂದು ಕಿತ್ತು, ಆ ಜಾಗದಲ್ಲಿ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕುತ್ತಿದ್ದರು. ಮಾಲಕರು ಬಂದು ಆರತಿ ಮಾಡುತ್ತಿದ್ದರು. ಆಮೇಲೆ ಆ ಮಾಲನ್ನು ಯಾರೂ ತಪಾಸಣೆಗೆ ಎತ್ತುತ್ತಿರಲಿಲ್ಲ. ಪೂಜೆಯಾದ ಮಾಲನ್ನು ತಿರುಗಿ ಕಳಿಸಿದರೆ ಲಕ್ಷ್ಮಿಯನ್ನು ಹೊರಗೆ ಹಾಕಿದಂತೆ ಎಂದು ನಂಬಿಕೆ. ತಿರುಗಿ ಕಳಿಸುವುದೇ ಇಲ್ಲವೆಂದ ಮೇಲೆ ತಪಾಸಣೆ ಮಾಡಿ ಏನು ಮಾಡುವುದು? ನನ್ನ ಗಂಡನ ಮೇಲೆ ಹರಿದ ಹಗ್ಗ ಹಾಗೆ ಹೂವು ಹಾಕಿಸಿಕೊಂಡು ಒಳಗೆ ಬಂದದ್ದು. ಒಳಗಿನ ಎಳೆ ಬೂದಿಯಾಗಿತ್ತು ಎಂದು ಹರಿದ ಮೇಲೆ ನೋಡಿದವರು ಹೇಳಿದರು. ವಿಚಾರಣೆಯಲ್ಲಿ ಮಾತ್ರ, ಭಾರದ ಕೆಳಗೆ ನಿಂತದ್ದು ಕೆಲಸಗಾರನ ತಪ್ಪು ಎಂದು ಬರೆದರು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು.

ಮೊದಲ ಸಲ ನಾನು ಫೇಲಾದೆ. ಧಾರವಾಡದ ಒಂದು ಕಾಲೇಜಿನಲ್ಲಿ ಪರೀಕ್ಷೆ. ಇಬ್ಬರು ವ್ಯಾಪಾರಿಗಳ ಕೊಟೇಶನ್ ಕೊಟ್ಟು ಯಾರದು ಸೋವಿ ಎಂದು ಕೇಳಿದ್ದರು. ಮುಂಬಯಿಯವನ ದರ ಕಡಿಮೆ ಇತ್ತು, ಅವನದೇ ಬರೆದುಬಿಟ್ಟೆ. ರೈಲಿನ ಬಾಡಿಗೆ, ಪೆಟ್ಟಿಗೆಯ ಖರ್ಚು, ಊರ ಜಕಾತಿ, ಇವನ್ನೆಲ್ಲ ಕೂಡಿಸಿದರೆ ಹುಬ್ಬಳ್ಳಿಯವನೇ ಸೋವಿ ಬೀಳುತ್ತಿದ್ದ. ಹೊರಗೆ ಬಂದು ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಅಲ್ಲಿಂದ ಹುಬ್ಬಳ್ಳಿಯವರೆಗೆ ನನ್ನನ್ನೇ ಬೈದುಕೊಳ್ಳುತ್ತ ಬಂದೆ.

"ಸಂತ್ಯಾಗ ಮೆಣಸಿನಕಾಯಿಗೆ ತಾಸುಗಟ್ಲೆ ಚೌಕಾಶಿ ಮಾಡ್ತೀರಿ. ಇಲ್ಲಿ ಬಂದ್ರ ಬಾಡಗಿ ಮರೀತೀರಿ. ಅದಕ್ಕ ಹಿರ್ಯಾರು ಹೇಳ್ಯಾರ, ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗ ಅಂತ" ಎಂದರು ಕಾಕಾ.

"ಕಾಕಾ, ಮೊದಲನೇ ಸಲಾ ನೀವೂ ಫೇಲ್ ಆಗಿದ್ರೆಂತಲ್ಲರೀ. ನಿಮ್ಮದು ಎಲ್ಲೈತಿ?" ಎಂದೆ.

ಆ ವಾರ ನನಗೆ ಪಾಠ ಇರಲಿಲ್ಲ. ಮನೆಯಲ್ಲಿ ಮಾವ ಪ್ಯಾಂಟುಗಳಿಗೆ ಇಸ್ತ್ರಿ ಮಾಡಿಸಿ ತಂದರು.

ಎರಡನೆಯ ಮತ್ತು ಕೊನೆಯ ಸಲದ ಪರೀಕ್ಷೆ ದೀಪಾವಳಿಯ ಆಚೆ ಇತ್ತು. ಅರ್ಜಿಯ ಜೊತೆ ಕೆಲಸದ ಅನುಭವದ ಸರ್ಟಿಫಿಕೇಟು ಬೇಕು, ಅದಕ್ಕೆ ನಮ್ಮ ಸ್ಟೋರ್ಸ್ ಸಾಹೇಬರ ಸಹಿ ಬೇಕು. ನನ್ನ ಗಂಡನ ಸಾವಿನ ವಿಚಾರಣೆಯಲ್ಲಿ, ತಪ್ಪು ಕೆಲಸಗಾರನದೇ ಎಂದು ಹೇಳಿಕೆ ಕೊಟ್ಟವರು ಅವರೇ. ಧಾರವಾಡದ ಸುಸಂಸ್ಕೃತ ಮನುಷ್ಯರು, ಒಂದು ದಿನವೂ ದನಿ ಏರಿಸಿದವರಲ್ಲ. ಕೇಶ್ವಾಪುರದ ಅವರ ಬಂಗಲೆಗೆ ಹೋಗಿ ಮೆಟ್ಟಿಲ ಕೆಳಗೆ ನಿಂತು ಅರ್ಜಿ ಕೊಟ್ಟೆ. "ಇಡ್ರಿ. ದಸರಾ ಮುಗೀಲಿ, ನೋಡೋಣಂತ" ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದು ಅವರಿಂದ ಕಲಿಯಬೇಕು.

ದಸರೆ ಬಂತು. ಅಷ್ಟಮಿಯ ದಿನ ಹಮಾಲರು ಸ್ಟೋರು ತೊಳೆಯತೊಡಗಿದರು. ಬಾಕಿ ಕಟ್ಟೆಯ ಮೇಲೆ ಒಂದು ಹೊಸ ಹಗ್ಗದ ಸುರುಳಿ ಇತ್ತು. ಯಂತ್ರ ಎತ್ತುವ ಮನಿಲಾ ಹಗ್ಗ, ಎರಡು ಆಳು ಹೊರುವಷ್ಟು. ನನ್ನ ಗಂಡನ ಮೇಲೆ ಹರಿದ ಹಗ್ಗ ಕಳಿಸಿದ್ದ ವ್ಯಾಪಾರಿಯದೇ. ಹಮಾಲನೊಬ್ಬ ಅದರ ಕೆಂಪು ಚೀಟಿಗೆ ಕೈ ಹಾಕಿದ್ದನ್ನು ನೋಡಿ ನಾನು ಸಾಹೇಬರ ಕೋಣೆಗೆ ಹೋದೆ.

"ಸಾಹೇಬ್ರ, ಆ ಹಗ್ಗಾ ತಪಾಸಣಿ ಆಗಿಲ್ರಿ. ಪೂಜಾಕ್ಕ ಇಡೂದು ಬ್ಯಾಡ್ರಿ."

"ವ್ಯಾಪಾರಿ ನಮ್ಮ ಹಳೇ ಮನುಷ್ಯಾ ಇದ್ದಾರ, ಬಾಯಾರ. ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ." ಆಮೇಲೆ ಕಾಗದದಿಂದ ತಲೆಯೆತ್ತದೆ, "ಹಾಂ, ನಾಳೆ ಒಂದಿವ್ಸ ನೀವು ಮನ್ಯಾಗೇ ಇರ್ರಿ. ಶುಭ ಕಾರ್ಯ ಅದ, ನಿಮಗ ಗೊತ್ತದ. ಪಗಾರ ಕಡಿಯೂದಿಲ್ಲ" ಎಂದರು.

ವಿಧವೆ ಪೂಜೆಯ ದಿನ ಕಣ್ಣಿಗೆ ಬೀಳಬಾರದು. ಎಷ್ಟು ಮೆತ್ತಗೆ ಹೇಳಿದರೆಂದರೆ ನಾನು "ಹೌದ್ರಿ" ಎಂದು ಹೊರಗೆ ಬಂದೆ. 

ಆ ರಾತ್ರಿ ನಾನು ಧೈರ್ಯ ಮಾಡಿದೆನೆಂದು ಈಗ ಜನ ಹೇಳುತ್ತಾರೆ. ಧೈರ್ಯವಲ್ಲ, ಸಿಟ್ಟು. ಚೀಟಿ ಮತ್ತೆ ಕಟ್ಟಿದರೆ ಕೀಳುತ್ತಾರೆ. ಕಾಗದ ಬರೆದರೆ ಡ್ರಾವರಿಗೆ ಹಾಕುತ್ತಾರೆ. ಪುಸ್ತಕದಲ್ಲಿದ್ದ ಯಾವ ಉಪಾಯವೂ ಆ ಸ್ಟೋರಿನಲ್ಲಿ ನಡೆಯುತ್ತಿರಲಿಲ್ಲ. ಅವರು ನಿಜವಾಗಿ ಅಂಜುತ್ತಿದ್ದದ್ದು ಒಂದೇ ವಸ್ತುವಿಗೆ, ಅದು ನಾನು.

ನವಮಿಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಗಿರಣಿಗೆ ಹೋದೆ. ಕಟ್ಟೆ ಹತ್ತಿ ಆ ಹಗ್ಗದ ಸುರುಳಿಯ ಮೇಲೆ ಕುಳಿತೆ. ಸೆರಗು ಹೊದ್ದು, ಬೋಳು ಹಣೆ ಎಲ್ಲರಿಗೂ ಕಾಣುವಂತೆ ಮುಖ ಬಾಗಿಲ ಕಡೆ ಮಾಡಿ ಕುಳಿತೆ.

ಮೊದಲು ಬಂದ ಹಮಾಲ ಹೂವಿನ ಬುಟ್ಟಿ ಹಿಡಿದು ಹಾಗೇ ನಿಂತ. ಕಾಕಾ ಸ್ನಾನ ಮಾಡಿ, ಮಡಿ ಧೋತರ ಉಟ್ಟು ಬಂದರು. ನನ್ನನ್ನು ಕಂಡವರೇ ಎರಡು ಹೆಜ್ಜೆ ಹಿಂದೆ ಸರಿದರು.

"ಏಳು. ಏಳಂತೇನಿ. ಏನು ಹಲ್ಕಾ ಕೆಲಸಾ ಮಾಡಾಕತ್ತೀ?"

"ತಪಾಸಣಿ ಆಗಲಿ ಕಾಕಾ, ಏಳ್ತೇನಿ."

"ರಂಡಮುಂಡಿ, ಗಂಡನ್ನ ನುಂಗಿದ್ದು ಸಾಲಲಿಲ್ಲೇನ ನಿನಗ? ಗಿರಣಿನೂ ನುಂಗತೀ ಏನು?"

ಮೇಜಿನ ಮುಂದೆ ಕೂತು ನನಗೆ ಪಾಠ ಹೇಳಿದ ಬಾಯಿ ಅದು. ನಾನು ಏಳಲಿಲ್ಲ. ಬೈಯುವವರು ಬಹಳ ಮಂದಿ ಕೂಡಿದರು, ಆದರೆ ಎಳೆದು ಇಳಿಸುವವರು ಯಾರೂ ಮುಂದೆ ಬರಲಿಲ್ಲ, ಮುಟ್ಟಿದರೆ ಮತ್ತೆ ಸ್ನಾನ ಮಾಡಬೇಕಲ್ಲ. ಮಾಲಕರ ಮೋಟಾರು ಬಂತು. ಅವರು ಬಾಗಿಲಲ್ಲೇ ನಿಂತು, ನನ್ನನ್ನು ನೋಡಿ, ಸಾಹೇಬರನ್ನು ನೋಡಿ, ಬಾಯ್ಲರ್ ಮನೆಯಲ್ಲಿ ಆರತಿ ಮಾಡಿ ಹೋದರು. ಸ್ಟೋರಿನ ಪೂಜೆ ಆ ವರ್ಷ ಪಶ್ಚಿಮದ ಗೋಡೆಗೆ ಆಯಿತು. ಹಗ್ಗಕ್ಕೆ ಒಂದು ಹೂವೂ ಬೀಳಲಿಲ್ಲ.

ಜನ ಚದುರಿದ ಮೇಲೆ ಸಾಹೇಬರು ಹತ್ತಿರ ಬಂದರು. ಅದೇ ಮೆತ್ತನೆಯ ದನಿ.

"ಸರ್ಟಿಫಿಕೇಟಿಗೆ ಸಹಿ ಮಾಡೇನಿ, ಮೇಜಿನ ಮ್ಯಾಲದ, ಒಯ್ರಿ. ಈ ಸಲಾ ತೋಂಡಿ ಪರೀಕ್ಷಾಕ್ಕ ಪರೀಕ್ಷಕ ಅಂತ ಇಲ್ಲಿಂದ ನನ್ನನ್ನೇ ಕರದಾರ. ಅಲ್ಲೇ ಭೆಟ್ಟಿ ಆಗೋಣಂತ."

ಸಹಿ ಮಾಡದಿದ್ದರೆ ಅವರ ಮೇಲೆ ಮಾತು ಬರುತ್ತಿತ್ತು. ಬಾಯಿಮಾತಿನ ಆ ಪರೀಕ್ಷೆಯಲ್ಲಿ ಫೇಲ್ ಮಾಡಿದರೆ ಮಾತು ನನ್ನ ಮೇಲೆ ಬರುತ್ತದೆ. ನನಗೆ ಅರ್ಥವಾಯಿತು. ಸಂಜೆ ಮನೆಗೆ ಹೋದರೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಮಾವ ನನ್ನ ಮಗಳ ಮುಂದೆಯೇ ಹೇಳಿದರು, "ಇನ್ನ ಸುಮ್ಮನ ಓದಿ ಕಣ್ಣು ಕೆಡಿಸ್ಕೋಬ್ಯಾಡ. ನಿನ್ನ ಕೆಲಸಾ ಇವತ್ತ ಹ್ವಾತು."

ಹಬ್ಬ ಮುಗಿದ ಮೇಲೆ ಹಗ್ಗದ ತಪಾಸಣೆ ಆಯಿತು. ವಿಧವೆ ಕೂತ ಹಗ್ಗವಾದ್ದರಿಂದ ತಪಾಸಣೆ ಇಲ್ಲದೆ ಒಯ್ಯಲು ಯಾವ ಖಾತೆಯವರೂ ಒಪ್ಪಲಿಲ್ಲ. ನಾನೂ ನಿಂತು ನೋಡಿದೆ. ಮೊದಲು ಸುತ್ತಳತೆ ತೆಗೆದರು. ಆಮೇಲೆ ಅಲ್ಲಲ್ಲಿ ಹುರಿ ಬಿಚ್ಚಿ ಒಳಗಿನ ನಾರು ನೋಡಿದರು. ಹಳೆಯ ಹಗ್ಗವಾದರೆ ಹೊರಗೆ ಎಣ್ಣೆ ಹಚ್ಚಿ ಹೊಸದು ಮಾಡಬಹುದು, ಒಳಗಿನ ಬೂದು ಪುಡಿ ಮುಚ್ಚಲಾಗುವುದಿಲ್ಲ. ಕೊನೆಗೆ ಒಂದು ತುಂಡು ಕತ್ತರಿಸಿ, ತೊಲೆಗೆ ಕಟ್ಟಿ, ಎತ್ತಬೇಕಾದ ಭಾರದ ಎರಡರಷ್ಟು ಕಬ್ಬಿಣ ತೂಗಿಬಿಟ್ಟರು. ಹರಿಯಲಿ ಎಂದು ನಾನು ಬೇಡಿಕೊಳ್ಳುತ್ತ ನಿಂತಿದ್ದೆ. ಹರಿದರೆ ನಾನು ಗೆದ್ದೆ, ಕಾಕಾನ ಬಾಯಿ ಮುಚ್ಚಿತು, ಸಾಹೇಬರು ತಲೆ ತಗ್ಗಿಸಬೇಕಾಯಿತು.

ಹರಿಯಲಿಲ್ಲ. ಬಂಗಾರದಂಥ ಹಗ್ಗ ಅದು. ಇಡೀ ಸ್ಟೋರು ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಬಾಯಾರ, ಇನ್ನೊಂದೀಟು ಕೂತಿದ್ರ ಹರೀತಿತ್ತೇನೋ" ಎಂದ ಒಬ್ಬ. ಆ ದಿನ ನಾನು ಊಟದ ಡಬ್ಬಿ ಬಿಚ್ಚಲಿಲ್ಲ.

ತೋಂಡಿ ಪರೀಕ್ಷೆಯ ಕೋಣೆಯಲ್ಲಿ ಇಬ್ಬರಿದ್ದರು. ಒಬ್ಬರು ನಮ್ಮ ಸಾಹೇಬರು. ಇನ್ನೊಬ್ಬರು ಮುಂಬಯಿಯಿಂದ ಬಂದ ವೃದ್ಧರು, ಮೂಲ ಕಾರವಾರದ ಕಡೆಯವರಂತೆ, ಕನ್ನಡ ಬಿಟ್ಟಿರಲಿಲ್ಲ. ಅವರಿಗೆ ನಾನು ಯಾರೆಂಬುದು ಗೊತ್ತಿರಲಿಲ್ಲ. ಬಾಡಿಗೆ, ಜಕಾತಿ ಕೂಡಿಸುವ ಲೆಕ್ಕ ಅವರೇ ಕೇಳಿದರು, ಹೇಳಿದೆ. ಆಮೇಲೆ ಸಾಹೇಬರ ಸರದಿ. ಅವರು ಪೆನ್ನಿನ ಟೋಪಿ ತೆಗೆದರು.

"ಒಂದು ಹಗ್ಗ. ತಪಾಸಣಿ ಆಗಿಲ್ಲ, ಇಶ್ಯೂ ಆಗೇದ. ಹರದು ಒಬ್ಬ ಕೆಲಸಗಾರ ಸತ್ತಾನ. ಜವಾಬ್ದಾರಿ ಯಾರದು?"

 ಭಾರದ ಕೆಳಗೆ ನಿಂತವನದು ಎಂದರೆ ಸಾಹೇಬರಿಗೆ ಬೇಕಾದ ಉತ್ತರ, ವಿಚಾರಣೆಯ ಕಾಗದದಲ್ಲಿರುವ ಉತ್ತರ. ಪುಸ್ತಕದ ಉತ್ತರ ಬೇರೆ. ಎದುರಿಗೆ ಕೂತವರು ಯಾವುದಕ್ಕೆ ಅಂಕ ಹಾಕುತ್ತಾರೋ ದೇವರೇ ಬಲ್ಲ. ಮಗಳು ಕಣ್ಣ ಮುಂದೆ ಬಂದಳು. ಅವಳ ಅಪ್ಪನೂ ಬಂದರು.

"ತಪಾಸಣಿ ಆಗೂತನಕ ಮಾಲು ಸ್ಟೋರ್ಸ್ ಅಧಿಕಾರಿಯ ತಾಬಾದಾಗ ಇರತೈತ್ರಿ. ಹೊರಗ ಬಿಟ್ಟವರು ಅವರು. ಜವಾಬ್ದಾರಿ ಅವರದ ರೀ. ಸತ್ತವರದಲ್ಲ."

"ಬರೋಬ್ಬರಿ" ಎಂದರು ಸಾಹೇಬರು. ಎಂದು ಅಂಕ ಬರೆದರು.

ಅಷ್ಟೇ. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಅವರು ಸಿಟ್ಟಾಗಿದ್ದರೆ, ಫೇಲ್ ಮಾಡಿದ್ದರೆ, ಕಡೆಗೆ ಕಣ್ಣು ಕೆಳಗೆ ಮಾಡಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಅವರಿಗೆ ಸರಿಯಾದ ಉತ್ತರ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ಆ ಹೇಳಿಕೆ ಕೊಟ್ಟಿದ್ದರು. ಇಷ್ಟು ದ್ವೇಷ ನನ್ನೊಳಗೆ ಇರಬಹುದೆಂದು ನನಗೆ ಅಂದೇ ತಿಳಿದದ್ದು.

ವೃದ್ಧರು ಖುಷಿಯಾಗಿ ಮುಂದೆ ಬಾಗಿದರು. "ಒಳ್ಳೆಯದಮ್ಮ. ತಪಾಸಣೆ ಆಗದ ಮಾಲು ಜಾಗ ಬಿಟ್ಟು ಕದಲದಂತೆ ನೋಡಿಕೊಳ್ಳುವುದು ಹೇಗೆ?"

"ಬೇರೆ ಕಟ್ಟಿ, ಕೆಂಪು ಚೀಟಿ, ಕೀಲಿ ರೀ."

"ಚೀಟಿ ಕಿತ್ತರು, ಕೀಲಿಯೂ ಇಲ್ಲ. ಆಗ?"

"ಆಗ ಅದರ ಮ್ಯಾಲ ಒಬ್ಬ ವಿಧವೀನ್ನ ಕುಂದರಸಬೇಕ್ರಿ" ಎಂದೆ.

ವೃದ್ಧರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಚೇಷ್ಟೆ ಮಾಡಿದಳೆಂದು ತಿಳಿದರು. ಸಾಹೇಬರು ನಗಲಿಲ್ಲ, ಏನನ್ನೋ ಲೆಕ್ಕ ಹಾಕುವವರಂತೆ ನನ್ನನ್ನೇ ನೋಡುತ್ತಿದ್ದರು.

ಪಾಸಾದೆ. ಪ್ಯಾಂಟುಗಳು ದಾರದಿಂದ ಇಳಿದವು. ಮಾವ ನನ್ನ ಜೊತೆ ಮಾತು ಬಿಟ್ಟರು, ಅದೊಂದು ಉಪಕಾರ. ಖಾಯಂ ಆದ ಹುಕುಂ ಕೊಡಲು ಸಾಹೇಬರು ಕರೆದು, ಕಾಗದ ನನ್ನ ಕಡೆ ಸರಿಸಿ ಹೇಳಿದರು:

"ಇನ್ನ ಮುಂದ ನವಮಿ ದಿವಸ ನೀವು ಬರ್ರಿ, ಬಾಯಾರ. ಬಾಕಿ ಕಟ್ಟಿ ಮ್ಯಾಲ ಕೂಡ್ರಿ. ನೀವು ಇದ್ರ ಯಾರೂ ಕೈ ಹಚ್ಚೂದಿಲ್ಲ. ಕೀಲಿಗಿಂತ ಛಲೋ. ಪೂಜಾ ಪಶ್ಚಿಮಕ್ಕ ಮಾಡಸೋಣಂತ, ಮಾಲಕರಿಗೆ ಹೇಳೇನಿ."

ನನ್ನ ಬೋಳು ಹಣೆಯನ್ನು ಗಿರಣಿಯ ಕಾನೂನಿನಲ್ಲಿ ಸೇರಿಸಿಬಿಟ್ಟಿದ್ದರು. ಹುಕುಂ ಅವರ ಮುಖಕ್ಕೆ ಎಸೆದು ಬರಬೇಕೆನಿಸಿತು. ಎಸೆದರೆ ನಾಳೆ ಆ ಕಟ್ಟೆಯ ಮೇಲೆ ಯಾರು?

"ಕೂಡ್ತೇನ್ರಿ. ಆದ್ರ ನವಮಿ ಒಂದ ದಿನಾ ಅಲ್ಲರೀ. ವರ್ಷಾ ಪೂರ್ತಿ ಆ ಕಟ್ಟಿ ನಂದು. ಸುತ್ತ ತಂತಿ ಜಾಳಗಿ ಬಡಸ್ರಿ, ಕೀಲಿ ನನಗ ಕೊಡ್ರಿ. ನನ್ನ ಸಹಿ ಇಲ್ಲದ ಒಂದು ಮೊಳೀನೂ ಹೊರಗ ಹೋಗಬಾರದು."

ಅವರು "ಆತು" ಎಂದರು.

ಹುರಿ ಬಿಚ್ಚುವುದು, ನಾರು ನೋಡುವುದು, ಭಾರ ಕಟ್ಟುವುದು, ಎಲ್ಲವನ್ನೂ ನಾನೇ ಕಲಿತೆ. ಮುಂದಿನ ವರ್ಷಗಳಲ್ಲಿ ಎರಡು ಸುರುಳಿ ಕೆಟ್ಟ ಹಗ್ಗ ತಿರುಗಿ ಕಳಿಸಿದೆ. ಅದಕ್ಕೂ ಬೈಸಿಕೊಂಡೆ.

ಒಂದು ನವಮಿಯ ದಿನ, ಪಶ್ಚಿಮದ ಗೋಡೆಗೆ ಆರತಿ ಆದ ಮೇಲೆ, ಪೂಜೆ ನೋಡಲು ಬಂದಿದ್ದ ಹೆಂಗಸರಿಗೆಲ್ಲ ಒಬ್ಬ ಫಿಟ್ಟರನ ಹೊಸ ಹೆಂಡತಿ ಕುಂಕುಮ ಹಚ್ಚುತ್ತ ಬಂದಳು. ಊರಿಗೆ ಹೊಸಬಳು, ನನ್ನ ಜಾಳಿಗೆಯ ಮುಂದೆ ಬಂದು ಬೆರಳಿಗೆ ಕುಂಕುಮ ತೆಗೆದುಕೊಂಡಳು. ಆಮೇಲೆ ನನ್ನ ಹಣೆ ಕಂಡಳು. ಬೆರಳನ್ನು ತಟ್ಟೆಯ ಅಂಚಿಗೆ ಒರೆಸಿ, ಸೆರಗು ನನಗೆ ತಾಗದಂತೆ ಎಳೆದುಕೊಂಡು ದಾಟಿ ಹೋದಳು. ನನ್ನ ಕಣ್ಣಲ್ಲಿ ನೀರು ಬಂತು, ಎಷ್ಟು ವರ್ಷವಾದರೂ ಬರುತ್ತದೆ.

ಹಬ್ಬದ ಮರುವಾರ ನೂಲುವ ಖಾತೆಯಲ್ಲಿ ಒಂದು ಮೋಟರ್ ಎತ್ತಬೇಕಿತ್ತು. ಅವಳ ಗಂಡ ಬಂದು ಹಗ್ಗ ಕೇಳಿದ. ಭಾರ ಕಟ್ಟಿ ನೋಡಿದ್ದ ಸುರುಳಿಯನ್ನು ತೆಗೆದು, ಮತ್ತೊಮ್ಮೆ ಹುರಿ ಬಿಚ್ಚಿ ನಾರು ನೋಡಿ, ಸಹಿ ಮಾಡಿ ಕೊಟ್ಟೆ. ಸಂಜೆ ಭೋಂಗಾ ಆದಾಗ ಅವನು ಹಗ್ಗ ತಂದಿಟ್ಟು, ಡಬ್ಬಿ ಹಿಡಿದುಕೊಂಡು ಮನೆಗೆ ಹೋದ.